ಗೋಡೆ ಮೇಲಿನ ದೊಡ್ಡಪ್ಪನಿಗೊಂದು ಅಗ್ಗದ ವೈನು

ನಮ್ಮ ದೊಡ್ಡವ್ವ ಸತ್ತವರಿಗೆ ಕುಡಿತ ಬಿಡಿಸುತ್ತಾಳೆ. ನೀವು ಸರಿಯಾಗಿಯೇ ಓದಿದಿರಿ. ಇದ್ದವರಿಗಲ್ಲ, ಸತ್ತವರಿಗೆ! ಇದ್ದವರಿಗೆ ಬಿಡಿಸುವವರು ಬೇಕಾದಷ್ಟು ಮಂದಿ ಇದ್ದಾರೆ; ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆ ಅವರ ಫೋನ್ ನಂಬರುಗಳೂ ಇರುತ್ತವೆ. ಸತ್ತವರನ್ನು ಕೇಳುವವರು ಯಾರು? ಗುಡಗೇರಿಯಲ್ಲಿ ನಮ್ಮ ದೊಡ್ಡವ್ವ ಒಬ್ಬಳೇ. ಆಕೆ ಜನ್ಮದಲ್ಲಿ ಒಂದು ಹನಿ ಬಾಯಿಗೆ ಹಾಕಿದವಳಲ್ಲ. ಕೆಮ್ಮಿನ ಔಷಧ ಕುಡಿದರೂ ಆಮೇಲೆ ಬಾಯಿ ಮುಕ್ಕಳಿಸುವ ಹೆಂಗಸು. ಆದರೆ ಕಡಿಮೆ ರೊಕ್ಕದಲ್ಲಿ ದಿನಾ ಕುಡಿಯಲು ಯಾವ ವೈನು ಒಳ್ಳೆಯದು, ಮಂದಿಗೆ ಕೊಡಲು ಯಾವುದು ಮರ್ಯಾದೆ, ಯಾವುದು ಸತ್ತವರ ತಲೆಗೆ ಏರುವುದಿಲ್ಲ ಎಂಬುದನ್ನು ಆಕೆಯಷ್ಟು ಬಲ್ಲವರು ಧಾರವಾಡ ಜಿಲ್ಲೆಯಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ.

ಈ ವಿದ್ಯೆ ಆಕೆಗೆ ಬಂದದ್ದು ನಮ್ಮ ದೊಡ್ಡಪ್ಪನ ದೆಸೆಯಿಂದ. ದೊಡ್ಡಪ್ಪ ರೈಲ್ವೆಯಲ್ಲಿದ್ದ. ಡ್ಯೂಟಿಯ ಮೇಲಿದ್ದಾಗ ಒಂದು ಹನಿ ಮುಟ್ಟುತ್ತಿರಲಿಲ್ಲ. ಹಸಿರು ಬಾವುಟ ಸುತ್ತಿಟ್ಟ ಮೇಲೆ ಮಾತ್ರ ಸ್ಟೇಶನ್ನಿನಿಂದ ಮನೆಗೆ ಬರುವ ದಾರಿ ವಿಪರೀತ ಉದ್ದವಾಗುತ್ತಿತ್ತು. ಎಷ್ಟೋ ಸಲ ದೊಡ್ಡವ್ವನೇ ಹೋಗಿ, ಸಂತೆಯ ಕೈಗಾಡಿಯಲ್ಲಿ ಹಾಕಿಕೊಂಡು ಬರುತ್ತಿದ್ದಳು. ಕುಡಿದಾಗ ಆತ ಮಹಾ ದಾನಶೂರ! ಒಮ್ಮೆ ನೀರು ಕಾಸುವ ತಾಮ್ರದ ಹಂಡೆಯನ್ನು ಯಾರಿಗೋ ಕೊಟ್ಟುಬಂದ. ಇನ್ನೊಮ್ಮೆ ಹಾಲು ಕರೆಯುವ ಎಮ್ಮೆಯನ್ನೇ ಕೊಟ್ಟ. ಮರುದಿನ ದೊಡ್ಡವ್ವ ಊರೆಲ್ಲ ತಿರುಗಿ, ಎಮ್ಮೆ ಕಟ್ಟಿಕೊಂಡವರ ಕೈಕಾಲು ಹಿಡಿದು ಬಿಡಿಸಿಕೊಂಡು ಬಂದಳು. ಈಗ ಹೇಳಿದರೆ ನಗು ಬರುತ್ತದೆ. ಆಗ ಆ ಮನೆಯಲ್ಲಿ ಯಾರೂ ನಗುತ್ತಿರಲಿಲ್ಲ.

ಕಡೆಗೆ ದೊಡ್ಡಪ್ಪ ಕಾಮಾಲೆಯಾಗಿ ಹೋದ. ದೊಡ್ಡವ್ವ ಎದೆ ಬಡಿದುಕೊಂಡು ಅತ್ತಳು. ಅಳುವಿನ ನಡುವೆಯೇ, "ಹೋಗ್ಲಿ ಬಿಡ್ರಿ, ಇನ್ನರ ಬಿಟ್ರಲ್ಲ" ಎಂದು ಒಂದು ಮಾತನ್ನೂ ಅಂದಳು. ಅದು ಸಮಾಧಾನದ ಮಾತು. ಆದರೆ ಆ ಸಮಾಧಾನ ಮೊದಲ ಮಹಾಲಯ ಅಮಾವಾಸ್ಯೆಯ ತನಕ ಮಾತ್ರ ಉಳಿಯಿತು.

ನಮ್ಮ ಮನೆತನದಲ್ಲಿ ಹಿರಿಯರ ಹಬ್ಬದ ಪದ್ಧತಿ ಹೀಗಿದೆ. ದೇವರ ಖೋಲಿಯಲ್ಲಿ ಸತ್ತವರ ಫೋಟೋ ಮುಂದೆ ಎಡೆ ಇಡುತ್ತೇವೆ. ಹೋಳಿಗೆ, ಎಣ್ಣೆಗಾಯಿ, ರೊಟ್ಟಿ, ಸಾರು, ಜೊತೆಗೆ ಅವರವರ ಪ್ರೀತಿಯ ವಸ್ತು. ಎಲೆ ಅಡಿಕೆ ಪ್ರೀತಿ ಇದ್ದವರಿಗೆ ಎಲೆ ಅಡಿಕೆ, ಬೀಡಿ ಪ್ರೀತಿ ಇದ್ದವರಿಗೆ ಬೀಡಿ. ದೀಪ ಹಚ್ಚಿ, ಲೋಬಾನ ಹಾಕಿ, ಚಿಲಕ ಹಾಕದೆ ಬಾಗಿಲು ಎಳೆದು ಮುಂದೆ ಮಾಡಿ ಎಲ್ಲರೂ ಹೊರಗೆ ಕಟ್ಟೆಯ ಮೇಲೆ ಕೂಡುತ್ತೇವೆ. ಯಾರೂ ಒಳಗೆ ಹಣಿಕಿ ಹಾಕುವಂತಿಲ್ಲ. ಬಹಳ ಹೊತ್ತಾದ ಮೇಲೆ ಮನೆಯ ಹಿರಿಯರು ಬಾಗಿಲ ಹತ್ತಿರ ಹೋಗಿ ಜೋರಾಗಿ ಕೆಮ್ಮಬೇಕು. ಕೆಮ್ಮದೇ ಬಾಗಿಲು ತೆಗೆದರೆ ಉಣ್ಣುತ್ತಿರುವವರಿಗೆ ಮುಜುಗರ ಆಗುತ್ತದಲ್ಲ! ನಮ್ಮ ಸಾಲೆಯ ಹೆಡ್‌ಮಾಸ್ತರರ ಖೋಲಿಗೆ ಹೋಗುವಾಗಲೂ ನಾವು ಇಷ್ಟು ಮರ್ಯಾದೆ ಇಟ್ಟುಕೊಂಡಿಲ್ಲ.

ಆ ಮೊದಲ ವರ್ಷ ದೊಡ್ಡವ್ವನ ಮಗ, ಅಂದರೆ ನಮ್ಮಣ್ಣ, "ಅಪ್ಪಗ ಪ್ರೀತಿ ಇತ್ತು" ಎಂದು ಗಾಜಿನ ಗಿಲಾಸಿನಲ್ಲಿ ಕಂಠಮಟ್ಟ ವಿಸ್ಕಿ ಸುರಿದು ಇಟ್ಟ. ನಾವು ಹೊರಗೆ ಕೂತೆವು. ದೊಡ್ಡವ್ವ ಕೆಮ್ಮಿದಳು. ಬಾಗಿಲು ತೆಗೆದಳು. ಹೋಳಿಗೆ ಇಟ್ಟಲ್ಲೇ ಇತ್ತು. ಎಣ್ಣೆಗಾಯಿ ಇಟ್ಟಲ್ಲೇ ಇತ್ತು. ಗಿಲಾಸಿನಲ್ಲಿ ಮಾತ್ರ ಒಂದು ಬೆರಳಿನಷ್ಟು ಇಳಿದಿತ್ತು. ಅಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಖೋಲಿಯ ತುಂಬ ಲೋಬಾನದ ವಾಸನೆಯನ್ನೂ ಮೀರಿ ದೊಡ್ಡಪ್ಪನ ಉಸಿರಿನ ವಾಸನೆ ಇತ್ತು. ಬಾಟಲಿಯ ವಾಸನೆ ಬೇರೆ, ಕುಡಿದವನ ಉಸಿರಿನ ವಾಸನೆ ಬೇರೆ. ಆ ಮನೆಯಲ್ಲಿ ಬೆಳೆದ ಯಾರಿಗೂ ಅದನ್ನು ಹೇಳಿಕೊಡಬೇಕಿಲ್ಲ. ಅಣ್ಣ ಹಿಂದೆ ಸರಿದ. ದೊಡ್ಡವ್ವ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ ಫೋಟೋದ ಮುಂದೆ ನಿಂತಳು.

"ಹೋಗಿ ವರ್ಷ ಸೈತ ತುಂಬಿಲ್ಲ. ಅಲ್ಲೂ ಸುರು ಮಾಡೀರೇನ್ರಿ?"

ಆ ಫೋಟೋದ ಬಗ್ಗೆಯೂ ಎರಡು ಮಾತು ಹೇಳಬೇಕು. ದೊಡ್ಡಪ್ಪ ಒಬ್ಬನೇ ನಿಂತು ತೆಗೆಸಿಕೊಂಡ ಫೋಟೋ ಒಂದೂ ಇರಲಿಲ್ಲ. ಸ್ಟೇಶನ್ನಿನಲ್ಲಿ ಗೆಳೆಯರ ಜೊತೆ ತೆಗೆಸಿದ್ದ ಒಂದನ್ನು ಕತ್ತರಿಸಿ, ದೊಡ್ಡದು ಮಾಡಿ ಕಟ್ಟು ಹಾಕಿಸಿದ್ದರು. ಗೆಳೆಯರೆಲ್ಲ ಹೋದರು, ಆದರೆ ಯಾರದೋ ಒಂದು ಕೈ ದೊಡ್ಡಪ್ಪನ ಹೆಗಲ ಮೇಲೆ ಉಳಿದುಬಿಟ್ಟಿತು. ಮೊಣಕೈ ತನಕ ಇದೆ, ಆಮೇಲೆ ಮನುಷ್ಯನೇ ಇಲ್ಲ! "ಆ ಕೈನ ಅವರನ್ನ ಕೆಡಿಸಿದ್ದು" ಎಂದು ದೊಡ್ಡವ್ವ ಅದು ಕಾಣದಂತೆ ಮಾಲೆ ಹಾಕಿಸಿದಳು. ಮಾಲೆ ಎಷ್ಟು ಬಿಗಿದು ಕಟ್ಟಿದರೂ ಮರುದಿನದ ಹೊತ್ತಿಗೆ ಜಾರಿರುತ್ತದೆ, ಕೈ ಕಾಣುತ್ತಿರುತ್ತದೆ. ನಾನು ವಿಜ್ಞಾನ ಕಲಿಸುವ ಮಾಸ್ತರ. ಮೊಳೆ ಸಡಿಲ ಇರಬೇಕು ಎಂದು ಹೇಳಿ, ಆ ಫೋಟೋದ ಎದುರು ಕೂಡುವುದನ್ನು ಬಿಟ್ಟೆ.

ಆ ವರ್ಷವೇ ದೊಡ್ಡವ್ವನಿಗೆ ನಾಲ್ಕು ಹೆಜ್ಜೆ ನಡೆದರೆ ಉಬ್ಬಸ ಬರತೊಡಗಿತು. ಹುಬ್ಬಳ್ಳಿಯ ಡಾಕ್ಟರಿಗೆ ತೋರಿಸಿದೆವು. ಎದೆಯೊಳಗಿನ ಒಂದು ಕವಾಟ ಸರಿಯಾಗಿ ಮುಚ್ಚುತ್ತಿಲ್ಲ, ಆಪರೇಶನ್ ಮಾಡಬೇಕು ಎಂದರು. ಎಲ್ಲ ತಿಳಿಸಿ ಹೇಳಿ, "ಏನರ ಕೇಳೂದೈತೇನ್ರಿ ಅಜ್ಜಿ?" ಎಂದು ಕೇಳಿದರು.

"ಐತ್ರಿ. ಕುಡಿಯೂದು ಬಿಡಸಬೇಕಂದ್ರ ಏನ್ ಮಾಡಬೇಕ್ರಿ?"

ಡಾಕ್ಟರು ಗಾಬರಿಯಾದರು. "ನೀವು ಕುಡೀತೀರೇನ್ರಿ?"

"ಶಿವನ! ನಾ ಅಲ್ರಿ, ನಮ್ಮ ಮನಿಯವರು."

"ಹಂಗಾದ್ರ ಅವರನ್ನ ಕರಕೊಂಡು ಬರ್ರಿ, ನೋಡೂಣು."

"ಬರೂದಿಲ್ರಿ ಅವರು. ಗ್ವಾಡಿ ಮ್ಯಾಲ ಅದಾರ."

"ಗ್ವಾಡಿ ಮ್ಯಾಲ ಯಾಕ ಹತ್ಯಾರ್ರಿ?"

"ಹತ್ತಿಲ್ರಿ. ನಾವ ಹಾಕೀವಿ. ಮಾಲಿನೂ ಹಾಕೀವಿ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಅವರ ಗೋಡೆಯ ಮೇಲಿದ್ದ ಹೃದಯದ ಚಿತ್ರ ನೋಡುತ್ತ ಕೂತೆ. ಪಾಪ, ಒಳ್ಳೆಯ ಮನುಷ್ಯ. ಮುದುಕಿಯ ಮನಸ್ಸು ನೋಯಿಸಬಾರದೆಂದು, "ಒಮ್ಮಿಗೇ ಬಿಡಸಾಕ ಹೋಗಬ್ಯಾಡ್ರಿ, ಸಾವಕಾಶ ಕಡಿಮಿ ಮಾಡ್ಕೋತ ಬರ್ರಿ" ಎಂದು ಹೇಳಿ ಕಳಿಸಿದರು. ಅದನ್ನು ದೊಡ್ಡವ್ವ ಔಷಧದ ಚೀಟಿಯೆಂದೇ ತಿಳಿದಳು. ಮೆಟ್ಟಿಲು ಇಳಿಯುವಾಗಲೇ ನನಗೆ ಹೇಳಿಬಿಟ್ಟಳು:

"ಅವರು ಬಿಡೂತನಕ ನಾ ಆಪರೇಶನ್ ಮಾಡಿಸಿಕೊಳ್ಳೂದಿಲ್ಲ ತಮ್ಮಾ. ಆ ಮೇಜಿನ ಮ್ಯಾಲ ನಂದೇನರ ಹೆಚ್ಚು ಕಡಿಮಿ ಆತಂದ್ರ ನಾ ಸೀದಾ ಹೋಗೂದು ಎಲ್ಲಿಗೆ? ಅವರ ಕಡೇನ! ಅಲ್ಲಿ ಅವರು ಕುಡುದು ಬಿದ್ದಿದ್ರ ಮತ್ತ ನಾನ ಎತ್ತಿ ಕುಂದರಸಬೇಕೇನು? ಇಲ್ಲಿ ಮಾಡಿದ್ದ ರಗಡ ಆಗೇತಿ."

ಇದು ಬರೀ ಹಟ ಎಂದು ನಾನು ಮೊದಲು ತಿಳಿದಿದ್ದೆ. ಆಮೇಲೆ ಆಕೆಯ ಮುಖ ನೋಡಿದೆ. ಖರೇ ಹೆದರಿದ್ದಳು. ಸಾವಿಗಲ್ಲ, ಸತ್ತ ಮೇಲೂ ಅದೇ ಸಂಸಾರ ಎಂಬುದಕ್ಕೆ. ಹೀಗೆ, ಸತ್ತ ದೊಡ್ಡಪ್ಪ ಕುಡಿಯುವುದನ್ನು ಬಿಡುತ್ತಾನೋ ಇಲ್ಲವೋ ಎಂಬುದರ ಮೇಲೆ ಬದುಕಿರುವ ದೊಡ್ಡವ್ವನ ಜೀವ ನಿಂತಿತು.

ಅಂದೇ ಹುಬ್ಬಳ್ಳಿಯ ಒಂದು ಅಂಗಡಿಗೆ ಹೋದೆವು. ಇಳಕಲ್ಲ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದ ಹೆಂಗಸು ಒಳಗೆ ಕಾಲಿಡುತ್ತಲೇ ಕಟ್ಟೆಗೆ ಆನಿಕೊಂಡು ನಿಂತಿದ್ದ ಗಂಡಸರೆಲ್ಲ ದಾರಿ ಬಿಟ್ಟರು. ಇಬ್ಬರಂತೂ ತಮ್ಮ ಅವ್ವನೇ ಹುಡುಕಿಕೊಂಡು ಬಂದಳೆಂದು ತಿಳಿದು ಹಿಂದಿನ ಬಾಗಿಲಿನಿಂದ ಹೋದರು.

"ಏನ್ ಬೇಕ್ರಿ ಅವ್ವಾರ?"

"ದ್ರಾಕ್ಷಿದು ವೈನ್ ಕೊಡ್ರಿ. ಅಗ್ಗ ಇರಬೇಕು, ದಿನಾ ಕುಡಿಯೂ ಹಂಗ ಇರಬೇಕು, ತಲಿಗೆ ಏರಬಾರದು."

"ಯಾರಿಗ್ರಿ?"

"ನಮ್ಮ ಮನಿಯವರಿಗೆ."

"ಅವರ ಹೊಟ್ಟಿ ಹ್ಯಾಂಗೈತ್ರಿ?"

"ಹೊಟ್ಟಿ ಇಲ್ರಿ ಅವರಿಗೆ."

"ಪುಣ್ಯವಂತರು ಬಿಡ್ರಿ! ಈಗ ಹುಡುಗೂರಿಗೆ ಸೈತ ಹೊಟ್ಟಿ ಬಂದಾವು" ಎಂದು ಅಂಗಡಿಯವನು ಗೋವಾದ ಕಡೆಯ ಸಿಹಿ ಪೋರ್ಟ್ ವೈನನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ಚೀಲದಲ್ಲಿ ಕೆಳಗೆ ಬಾಟಲಿ, ಮೇಲೆ ಮೆಂತ್ಯದ ಸೂಡು. ಗುಡಗೇರಿಯ ತನಕ ಪ್ಯಾಸೆಂಜರ್ ಗಾಡಿಯಲ್ಲಿ ದೊಡ್ಡವ್ವ ಚೀಲವನ್ನು ತೊಡೆಯಿಂದ ಇಳಿಸಲಿಲ್ಲ.

ಅಂದಿನಿಂದ ಶುರುವಾಯಿತು. ವರ್ಷಕ್ಕೊಮ್ಮೆ ಇಟ್ಟರೆ ಉಳಿದ ದಿನ ಎಲ್ಲಿಯಾದರೂ ಹೋಗಿ ಕುಡಿಯುತ್ತಾನೆ ಎಂಬುದು ದೊಡ್ಡವ್ವನ ಲೆಕ್ಕ. ಆದ್ದರಿಂದ ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ಗಿಲಾಸು. ಬಾಗಿಲು ಮುಂದೆ ಮಾಡಿ ಆಕೆ ರೊಟ್ಟಿ ಬಡಿಯಲು ಕೂಡುತ್ತಾಳೆ. ರೊಟ್ಟಿ ಮುಗಿದ ಮೇಲೆ ಕೆಮ್ಮಿ, ಬಾಗಿಲು ತೆಗೆದು, ಗಿಲಾಸಿಗೆ ಬೆರಳು ಹಿಡಿದು ಅಳತೆ ನೋಡುತ್ತಾಳೆ. ಪೋರ್ಟ್ ವೈನು ಇಟ್ಟ ದಿನ ಒಂದು ಕೂದಲಿನಷ್ಟೂ ಇಳಿದಿರಲಿಲ್ಲ. ಗಿಲಾಸಿನ ಸುತ್ತ ಇರುವೆ ಮುತ್ತಿದ್ದವು, ಫೋಟೋ ತಾನಾಗಿ ಗೋಡೆಯ ಕಡೆ ಮುಖ ಮಾಡಿ ತಿರುಗಿತ್ತು! ಅಣ್ಣನ ಹೆಂಡತಿ, ಅಂದರೆ ದೊಡ್ಡವ್ವನ ಸೊಸೆ, ಕಿಟಾರನೆ ಕಿರುಚಿದಳು. ದೊಡ್ಡವ್ವ ಫೋಟೋವನ್ನು ತಿರುಗಿಸಿ ಸರಿ ಮಾಡುತ್ತ, "ಚಹಾಕ್ಕೂ ಸಕ್ಕರಿ ಬ್ಯಾಡ ಅಂತಿದ್ರು. ನನಗ ನೆನಪ ಆಗಲಿಲ್ಲ" ಅಂದಳು.

ಮುಂದಿನ ಸಲ ವಿಜಯಪುರದ ಕಡೆಯ ದ್ರಾಕ್ಷಿಯ ಕೆಂಪು ವೈನು ತಂದೆವು. ಒಗರು, ಸಿಹಿ ಕಡಿಮೆ, ರೊಕ್ಕವೂ ಕಡಿಮೆ. ಆದರೆ ಬಾಟಲಿಗೆ ಬಿರಡೆ ಜಡಿದಿತ್ತು. ಇಡೀ ಊರಲ್ಲಿ ಅದನ್ನು ತೆಗೆಯುವ ಸಾಧನ ಇರಲಿಲ್ಲ. ಕಡೆಗೆ ಬಡಿಗ ಬಂದು, ಬಾಗಿಲ ಚೌಕಟ್ಟಿಗೆ ತೂತು ಹೊಡೆಯುವ ಬೈರಿಗೆ ಹಾಕಿ, ಎರಡೂ ಕಾಲಲ್ಲಿ ಬಾಟಲಿ ಹಿಡಿದು ಎಳೆದ. ಅರ್ಧ ಬಿರಡೆ ಹೊರಗೆ ಬಂತು, ಉಳಿದರ್ಧ ಪುಡಿಯಾಗಿ ಒಳಗೆ ತೇಲಿತು. ದೊಡ್ಡವ್ವ ಚಹಾ ಸೋಸುವ ಜಾಲರಿಯಲ್ಲಿ ಸೋಸಿ ಇಟ್ಟಳು. ಆ ಸಂಜೆ ಒಂದು ಬೆರಳು ಇಳಿಯಿತು. "ಹ್ಞಾಂ, ಇದು ಸೇರೇತಿ" ಎಂದು ಆಕೆ ನಿರಾಳವಾಗಿ ಉಸಿರು ಬಿಟ್ಟಳು.

ಇನ್ನು ನಾನು ಸುಮ್ಮನಿರಬಾರದು ಅನ್ನಿಸಿತು. ವೈನಿನಲ್ಲಿ ಮದ್ಯಸಾರ ಇರುತ್ತದೆ, ಬಾಜುವಿನಲ್ಲಿ ದೀಪ ಉರಿಯುತ್ತಿರುತ್ತದೆ, ಆವಿಯಾಗುತ್ತದೆ. ಇದರಲ್ಲಿ ದೆವ್ವದ ಮಾತೆಲ್ಲಿ ಬಂತು? ಒಂದು ರವಿವಾರ ಅದೇ ವೈನು, ಅಂಥದೇ ಗಿಲಾಸು, ಅಂಥದೇ ದೀಪ ತೆಗೆದುಕೊಂಡು ಕುಂದಗೋಳದ ನಮ್ಮ ಸಾಲೆಯ ಪ್ರಯೋಗಶಾಲೆಯಲ್ಲಿ ಇಟ್ಟು ಕಾದೆ. ರೊಟ್ಟಿ ಬಡಿಯುವಷ್ಟು ಹೊತ್ತಲ್ಲ, ಅದರ ಮೂರು ಪಟ್ಟು ಕಾದೆ. ಬೆರಳಿನ ಮಾತು ಬಿಡಿ, ಒಂದು ಗೆರೆಯೂ ಇಳಿಯಲಿಲ್ಲ. ಅಷ್ಟರಲ್ಲಿ ಹೆಡ್‌ಮಾಸ್ತರರು ಬಂದುಬಿಟ್ಟರು.

"ಇದು ಯಾವ ಪಾಠರೀ ಮಾಸ್ತರ?"

"ಆವಿಯಾಗುವಿಕೆ ಸರ್."

"ಹೌದೇನ್ರಿ? ಇರ್ಲಿ, ಇಲ್ಲೇ ಬಿಟ್ಟು ಹೋಗ್ರಿ. ಸಾವಕಾಶ ಆಗತೈತಿ."

ಸೋಮವಾರ ಬಂದು ನೋಡಿದರೆ ಗಿಲಾಸಷ್ಟೇ ಅಲ್ಲ, ಬಾಟಲಿಯೂ ಪೂರ್ತಿ ಆವಿಯಾಗಿತ್ತು. ಹೆಡ್‌ಮಾಸ್ತರರು ತಲೆನೋವೆಂದು ರಜೆ ಹಾಕಿದ್ದರು! ಅದನ್ನು ನೆನೆದು ಇವತ್ತಿಗೂ ನಗುತ್ತೇನೆ. ಆದರೆ ಪ್ರಯೋಗಶಾಲೆಯಲ್ಲಿ ಇಳಿಯದ್ದು ದೇವರ ಖೋಲಿಯಲ್ಲಿ ಹೇಗೆ ಇಳಿಯುತ್ತದೆ ಎಂದು ನೆನೆದಾಗ ನಗು ಅಲ್ಲಿಗೇ ನಿಲ್ಲುತ್ತದೆ.

ಕೆಂಪು ರೂಢಿಯಾದ ಮೇಲೆ ಬಿಳಿ ವೈನು. ಅದು ಇನ್ನೂ ಹಗುರ ಎಂದು ಅಂಗಡಿಯವನು ಹೇಳಿದ್ದ. ಆ ಸಂಜೆ ನಾನು ಗುಡಗೇರಿಯಲ್ಲೇ ಇದ್ದೆ. ಯಾರಿಗೂ ಹೇಳದೆ ನನ್ನ ಮೊಬೈಲನ್ನು ರೆಕಾರ್ಡಿಂಗಿಗೆ ಹಾಕಿ ಖೋಲಿಯ ಗೋಡೆಯಲ್ಲಿನ ಮಾಡದೊಳಗೆ, ಅರಿಷಿಣದ ಭರಣಿಯ ಹಿಂದೆ ಇಟ್ಟು ಬಂದೆ. ಬಾಗಿಲು ತೆಗೆದ ಮೇಲೆ ಫೋನು ತಂದು ಕಟ್ಟೆಯ ಮೇಲೆ ಎಲ್ಲರೂ ಕೂತು ಕೇಳಿದೆವು. ಮೊದಲು ಬಾಗಿಲು ಮುಚ್ಚಿದ ಸಪ್ಪಳ. ದೂರದಲ್ಲಿ ದೊಡ್ಡವ್ವ ರೊಟ್ಟಿ ಬಡಿಯುವ ಸಪ್ಪಳ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಬಂದ್ ಮಾಡಬೇಕು ಅನ್ನುವಷ್ಟರಲ್ಲಿ ಫೋನಿನೊಳಗಿಂದ, ಅಗದಿ ಹತ್ತಿರದಿಂದ, ಸ್ಪಷ್ಟವಾಗಿ ಕೇಳಿಸಿತು: "ಥೂ!"

ಕಟ್ಟೆಯ ಮೇಲಿದ್ದವರೆಲ್ಲ ಫೋನಿನಿಂದ ದೂರ ಸರಿದರು. ದೀಪದ ಬತ್ತಿಗೆ ನೀರು ತಗುಲಿದರೆ ಚಟ್ ಎನ್ನುತ್ತದೆ, ಅದೇ ಹೀಗೆ ಕೇಳಿಸಿರಬೇಕು ಎಂದು ನಾನು ಹೇಳಿದೆ, ಹೇಳುತ್ತಲೇ ಎದ್ದು ನಿಂತೆ. ದೊಡ್ಡವ್ವ ಮಾತ್ರ ಹಿಟ್ಟಿನ ಕೈ ಝಾಡಿಸುತ್ತ ಒಳಗಿನಿಂದ ಬಂದು, "ಬಿಳೇದು ಸೇರಿಲ್ಲ ಅವರಿಗೆ. ನಾ ಅಂದಿದ್ದಿಲ್ಲೇನು? ನಾಳಿಂದ ಬ್ಯಾಡ" ಎಂದು ತೀರ್ಪು ಕೊಟ್ಟಳು. ಆ ರೆಕಾರ್ಡಿಂಗನ್ನು ನಾನು ಅವತ್ತೇ ಅಳಿಸಿಬಿಟ್ಟೆ. ಅಂಥದ್ದನ್ನು ಕಿಸೆಯಲ್ಲಿ ಇಟ್ಟುಕೊಂಡು ಯಾರು ತಿರುಗುತ್ತಾರೆ?

ಈ ನಡುವೆ ಬಾಜೂ ಮನೆಯ 'ಶೇಂಗಾ ಕಾಕಿ' ಒಂದು ಅಮಾವಾಸ್ಯೆಯ ಮರುದಿನ ಜಗಳಕ್ಕೆ ಬಂದಳು. ಮನೆಯಲ್ಲಿ ಶೇಂಗಾ ಹುರಿದು ಮಾರುವ ಆಕೆಗೆ ಊರೆಲ್ಲ ಕರೆಯುವುದೇ ಹಾಗೆ.

"ನಿನ್ನಿ ನಮ್ಮ ಮಾವನ ಎಡಿಗೆ ಇಟ್ಟದ್ದು ಅರ್ಧಾ ಖಾಲಿ ಆಗೇತಿ. ನಮ್ಮ ಮಾವ ಬದುಕಿದ್ದಾಗ ಒಂದ ಗುಟುಕು ಕುಡುದು ಮಕ್ಕೊಳ್ಳೂ ಮನಶಾ. ಇದು ನಿಮ್ಮನಿಯವರದ ಕೆಲಸ!"

ಬೇರೆ ಯಾರಾದರೂ ಆಗಿದ್ದರೆ ನಕ್ಕು ಕಳಿಸುತ್ತಿದ್ದರು. ದೊಡ್ಡವ್ವ ನಾಚಿಕೆಯಿಂದ ತಲೆ ತಗ್ಗಿಸಿದಳು. ಬದುಕಿದ್ದಾಗ ಇಂಥ ಎಷ್ಟು ದೂರು ಕೇಳಿದ ಜೀವವೋ ಅದು! ಒಳಗೆ ಹೋಗಿ, ಹೊಸ ಬಾಟಲಿಗೆ ಒಂದು ಕುಬಸದ ಖಣ ಸುತ್ತಿ, ಮೇಲೆ ಅರಿಷಿಣ ಕುಂಕುಮ ಹಚ್ಚಿ ತಂದು ಕೊಟ್ಟು, "ತಪ್ಪಾತವಾ, ಇನ್ನ ಮ್ಯಾಲ ಬರದಂಗ ನೋಡ್ಕೋತೀನಿ" ಅಂದಳು. ವೈನು ಉಡುಗೊರೆ ಕೊಡುವ ಪದ್ಧತಿ ಗುಡಗೇರಿಯಲ್ಲಿ ಶುರುವಾದದ್ದು ಹೀಗೆ.

ಸುದ್ದಿ ಹಬ್ಬಿತು. ತಮ್ಮ ತಮ್ಮ ಸತ್ತವರ ಕೇಸುಗಳನ್ನು ಹಿಡಿದುಕೊಂಡು ಹೆಂಗಸರು ಬರತೊಡಗಿದರು. ದೊಡ್ಡವ್ವ ಎಲ್ಲ ಕೇಳಿ, ನೋಡಿ, ಹೇಳುತ್ತಿದ್ದಳು. ಈಗಷ್ಟೇ ಹೋದವರಿಗೆ ಸಿಹಿ ಪೋರ್ಟ್ ಇಡಬೇಕು, ಯಾಕೆಂದರೆ ಅವರಿಗೆ ಮನೆಯ ನೆನಪು ಭಾಳ ಇರುತ್ತದೆ. ಹಳಬರಿಗೆ ಒಗರು ಕೆಂಪು. ಸ್ವಭಾವ ಗೊತ್ತಿಲ್ಲದ ಹಿರಿಯರಿಗೆ, ಹೊಸ ಮನೆಯ ವಾಸ್ತುವಿಗೆ, ಬೀಗರಿಗೆ, ಅಳ್ನಾವರದ ಕಡೆಯಿಂದ ಬರುವ ನೇರಳೆಹಣ್ಣಿನ ವೈನು. ಅದನ್ನು ಬೇಡ ಅಂದವರು ಇದ್ದವರಲ್ಲೂ ಇಲ್ಲ, ಸತ್ತವರಲ್ಲೂ ಇಲ್ಲ. ಖಣ ಸುತ್ತಿದ ಬಾಟಲಿ ಸಿಗುತ್ತದೆಂದು ತಿಳಿದ ಮೇಲೆ ಊರಿನ ಕೆಲವು ಗಂಡಸರಿಗೆ ಇದ್ದಕ್ಕಿದ್ದಂತೆ ತಮ್ಮ ಮುತ್ತಜ್ಜಂದಿರ ನೆನಪು ಬರತೊಡಗಿತು. ಒಬ್ಬಾಕೆ ಮಾತ್ರ ಅಳುತ್ತ ಬಂದು, "ನಮ್ಮನಿಯವರು ಇನ್ನೂ ಅದಾರ್ರಿ, ಅವರಿಗೇ ಬಿಡಿಸಿ ಕೊಡ್ರಿ" ಎಂದಳು. ದೊಡ್ಡವ್ವ ಆಕೆಯ ಬೆನ್ನ ಮೇಲೆ ಕೈಯಾಡಿಸಿ ಹೇಳಿದಳು:

"ಇದ್ದವರು ಹೆಂಡರ ಮಾತು ಎಲ್ಲಿ ಕೇಳ್ತಾರವಾ? ಸತ್ತ ಮ್ಯಾಲ ಬಾ."

ಹೀಗೆ ನಗುನಗುತ್ತಲೇ ವರ್ಷಗಳು ಸರಿದವು. ದೊಡ್ಡವ್ವ ಕೆಂಪು ವೈನಿಗೆ ಮೊದಲು ಒಂದು ಪಾಲು ನೀರು ಬೆರೆಸಿದಳು, ಆಮೇಲೆ ಎರಡು ಪಾಲು. ಬೆರಳಿನಷ್ಟು ಇಳಿಯುತ್ತಿದ್ದದ್ದು ಅರ್ಧ ಬೆರಳಾಯಿತು, ಆಮೇಲೆ ಉಗುರಿನಷ್ಟಾಯಿತು. ಖೋಲಿಯಲ್ಲಿ ಆ ಉಸಿರಿನ ವಾಸನೆಯೂ ತೆಳುವಾಗುತ್ತ ಬಂತು. ಅತ್ತ ದೊಡ್ಡವ್ವನ ಉಸಿರೂ ಹಾಗೇ ಆಗುತ್ತಿತ್ತು. ರೊಟ್ಟಿ ಬಡಿಯುವಾಗ ನಡುನಡುವೆ ಕೈ ನಿಲ್ಲಿಸುತ್ತಿದ್ದಳು. ಕಾಲು ಬಾತವು. ಇನ್ನು ತಡ ಮಾಡಿದರೆ ಆಪರೇಶನ್ನೂ ಉಪಯೋಗಕ್ಕೆ ಬರುವುದಿಲ್ಲ ಎಂದು ಡಾಕ್ಟರು ಅಣ್ಣನನ್ನು ಬದಿಗೆ ಕರೆದು ಹೇಳಿದರು. ಸಂಜೆಯಾದರೆ ನಾನು ಕುಂದಗೋಳದಿಂದ ಫೋನ್ ಮಾಡಿ ಅಣ್ಣನನ್ನು ಕೇಳುತ್ತಿದ್ದೆ, "ದೊಡ್ಡಪ್ಪ ಇವತ್ತು ಎಷ್ಟು ಕುಡುದಾನ?" ನಗಬೇಡಿ. ಆ ಉತ್ತರಕ್ಕಾಗಿ ನಾವು ಎಷ್ಟು ಹೆದರಿ ಕಾಯುತ್ತಿದ್ದೆವು ಎಂಬುದು ನಮಗಷ್ಟೇ ಗೊತ್ತು.

ಈ ವರ್ಷದ ಮಹಾಲಯ ಅಮಾವಾಸ್ಯೆಗೆ ದೊಡ್ಡವ್ವ ಕಡೆಯ ಪರೀಕ್ಷೆ ಇಟ್ಟಳು. ಹುಬ್ಬಳ್ಳಿಯಿಂದ ಕರಿ ದ್ರಾಕ್ಷಿ ತರಿಸಿ, ತಾನೇ ಹಿಂಡಿ, ಸೋಸಿ, ಗಿಲಾಸಿನ ತುಂಬ ಬರೀ ರಸ ಇಟ್ಟಳು. ಒಂದು ಹನಿ ಅಮಲಿಲ್ಲ. ಬಾಗಿಲು ಮುಂದಾಯಿತು. ಕಟ್ಟೆಯ ಮೇಲೆ ಕೂತೆವು. ಅಣ್ಣ ಉಗುರು ಕಚ್ಚುತ್ತಿದ್ದ, ಸೊಸೆ ಕಣ್ಣು ಮುಚ್ಚಿದ್ದಳು. ಹೊರಗೆ ಮಟಮಟ ಮಧ್ಯಾಹ್ನದ ಬಿಸಿಲು. ದೊಡ್ಡವ್ವ ಗೋಡೆ ಹಿಡಿದು ಎದ್ದಳು, ಕೆಮ್ಮಿದಳು, ಬಾಗಿಲು ತೆಗೆದಳು.

ಗಿಲಾಸು ಇಟ್ಟಷ್ಟೇ ಇತ್ತು. ಅಂಚಿನ ತನಕ, ಕದಲದೆ.

"ಬಿಟ್ಟ! ಅಪ್ಪ ಬಿಟ್ಟ!" ಎಂದು ಅಣ್ಣ ಕೂಗಿದ. ಸೊಸೆ ಓಡಿಹೋಗಿ ಸಕ್ಕರೆ ತಂದು ಎಲ್ಲರ ಬಾಯಿಗೆ ಹಾಕಿದಳು. ನಾನಂತೂ ಚಪ್ಪಾಳೆಯನ್ನೇ ತಟ್ಟಿದೆ. ದೊಡ್ಡವ್ವ ಮಾತ್ರ ಹೊಸ್ತಿಲ ಒಳಗೆ ನಿಂತವಳು ಹಾಗೇ ನಿಂತಿದ್ದಳು. ಮೂಗು ಎಳೆದು ವಾಸನೆ ನೋಡಿದಳು. ಲೋಬಾನ, ಎಣ್ಣೆ, ಹೋಳಿಗೆ. ಬೇರೆ ಏನೂ ಇಲ್ಲ. ಇಷ್ಟು ವರ್ಷ ನಾನು ಆ ಖೋಲಿಗೆ ಹೆದರಿದ್ದೆ. ಆ ದಿನ ಅಲ್ಲಿ ಹೆದರುವಂಥದ್ದು ಏನೂ ಇರಲಿಲ್ಲ. ಒಂದು ಗೋಡೆ, ಒಂದು ಫೋಟೋ, ಆರಿದ ಅನ್ನ. ಹಿಂದೆಂದೂ ಆಗದಷ್ಟು ಹೆದರಿಕೆ ನನಗೆ ಆಗ ಆಯಿತು.

ದೊಡ್ಡವ್ವ ಮೆಲ್ಲಗೆ ನೆಲದ ಮೇಲೆ ಕೂತಳು. "ಬಿಟ್ಟಿಲ್ಲೋ ತಮ್ಮಾ. ಬಂದಿಲ್ಲ ಅವರು."

ಸಕ್ಕರೆ ಅಣ್ಣನ ಬಾಯಲ್ಲೇ ಉಳಿಯಿತು.

"ಬರೀ ರಸ ಅಷ್ಟು ಲಗೂನ ಆವಿ ಆಗೂದಿಲ್ಲ ದೊಡ್ಡವ್ವಾ" ಎನ್ನಲು ಹೋದೆ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಇವತ್ತಿನದು ಆವಿಯ ಮಾತಾದರೆ ಹಿಂದಿನ ಸಂಜೆಗಳೆಲ್ಲವೂ ಆವಿಯೇ ಆಗಬೇಕಲ್ಲ? ಅಷ್ಟು ಸಂಜೆ ಆಕೆ ರೊಟ್ಟಿ ಬಡಿಯುತ್ತ ಯಾರ ಹಾದಿ ಕಾಯ್ದಳು ಹಾಗಾದರೆ?

"ಬದುಕಿದ್ದಾಗೂ ಹಿಂಗ" ಎಂದಳು ದೊಡ್ಡವ್ವ, ತನಗೆ ತಾನೇ ಹೇಳಿಕೊಳ್ಳುವವಳಂತೆ. "ಕುಡೀಲಾರದ ದಿನ ನನ್ನ ಕಡೆ ಕಣ್ಣೆತ್ತಿ ನೋಡಿದವರಲ್ಲ. ಭಾಳ ನಾಚಿಕಿ ಅವರಿಗೆ. ಕುಡುದ ದಿನಾನ ಒಲಿ ಮುಂದ ಬಂದು ಕುಂದರವರು. ನನ್ನ ಹೆಸರು ಹಿಡದು ಕರೀತಿದ್ರು. ಊಟಾ ಮಾಡೀಯೇನು, ದಣದೀಯೇನು ಅಂತ ಕೇಳ್ತಿದ್ರು. ನಾ ಬೈಕೋತ ಕುಂದರತಿದ್ದೆ. ಕುಡಿಯೂದು ಒಂದ ಬಿಡಸೂಣು ಅಂತ ಹ್ವಾದೆ, ಅವರನ್ನ ಬಿಡಿಸಿ ಕುಂತೆ ನೋಡು."

ಆಕೆ ನನ್ನ ಕಡೆ ತಿರುಗಿದಳು.

"ಹೋಗು ತಮ್ಮಾ. ಅವರು ಮೊದಲ ಕುಡೀತಿದ್ದದ್ದು ತೊಗೊಂಡು ಬಾ."

"ಅವ್ವಾ, ಡಾಕ್ಟರು..." ಎಂದು ಅಣ್ಣ ಶುರು ಮಾಡಿದ. ನಾನು ಆಗಲೇ ಗಾಡಿ ಚಾಲೂ ಮಾಡಿದ್ದೆ. ಕುಂದಗೋಳಕ್ಕೆ ಹೋಗಿ ಬರುವ ತನಕ ಆಕೆ ಆ ನೆಲ ಬಿಟ್ಟು ಎದ್ದಿರಲಿಲ್ಲವಂತೆ. ಬಾಟಲಿಯ ಮುಚ್ಚಳವನ್ನು ತಾನೇ ತಿರುವಿ ತೆಗೆದಳು. ರಸ ಚೆಲ್ಲಿ, ಗಿಲಾಸು ತೊಳೆದು, ಕಂಠಮಟ್ಟ ಸುರಿದು ಇಟ್ಟಳು. ನಾವು ಹೊರಗೆ ಬಂದೆವು. ಆಕೆ ಬರಲಿಲ್ಲ. ಒಳಗಿನಿಂದಲೇ ಬಾಗಿಲು ಹಾಕಿಕೊಂಡಳು.

ಯಾರೂ ಹಾಗೆ ಮಾಡುವಂತಿಲ್ಲ. ಹಿರಿಯರ ಎಡೆಯ ಮುಂದೆ ಇದ್ದವರು ಕೂಡಬಾರದು. ನಾವು ಕಟ್ಟೆಯ ಮೇಲೆ ಕೂತೆವು. ಸ್ವಲ್ಪ ಹೊತ್ತಿಗೆ ಒಳಗಿನಿಂದ ದೊಡ್ಡವ್ವನ ದನಿ ಕೇಳಿಸಿತು. ಏನೋ ಹೇಳುವಳು, ನಿಲ್ಲುವಳು. ಮತ್ತೆ ಹೇಳುವಳು, ಮತ್ತೆ ನಿಲ್ಲುವಳು. ಆಕೆ ಮಾತು ನಿಲ್ಲಿಸಿದಲ್ಲಿ ನಮಗೇನೂ ಕೇಳಿಸುತ್ತಿರಲಿಲ್ಲ. ಆದರೆ ಅಂಥ ಒಂದು ನಿಲುಗಡೆಯಾದ ಮೇಲೆ ದೊಡ್ಡವ್ವ ನಕ್ಕಳು. ಆಕೆ ಹಾಗೆ, ಹುಡುಗಿಯರು ನಗುವ ಹಾಗೆ ನಕ್ಕದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಸೊಸೆ ನನ್ನ ತೋಳು ಹಿಡಿದುಕೊಂಡಳು.

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ದೊಡ್ಡವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಬಂದು ಕಟ್ಟೆಯ ಮೇಲೆ ನನ್ನ ಬಾಜು ಕೂತಳು.

"ಆ ಡಾಕ್ಟರಗ ಫೋನ್ ಹಚ್ಚು. ಯಾವಾಗ ಬರಲಿ ಅಂತ ಕೇಳು."

"ದೊಡ್ಡಪ್ಪ ಬಿಟ್ಟನೇನ ದೊಡ್ಡವ್ವಾ?"

"ಎಲ್ಲಿ ಬಿಡ್ತಾರಲೇ ಅವರು! ಇರ್ಲಿ ಬಿಡು. ಅದಾರಲ್ಲ, ಸಾಕು."

ಗಿಲಾಸಿನಲ್ಲಿ ಎಷ್ಟು ಇಳಿದಿದೆ ಎಂದು ನೋಡಲು ನಾನು ಒಳಗೆ ಹೋಗಲಿಲ್ಲ. ಅಲ್ಲೇ ಕೂತು ಡಾಕ್ಟರಿಗೆ ಫೋನ್ ಹಚ್ಚಿದೆ.